ಬಿದ್ದ ಮಳೆಗೆ ಲೆಕ್ಕವಿದೆ, ಮೇಲೆ ಹೋದ ನೀರಿಗೆ?

ನಮ್ಮ ಕಡೆ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ಜೂನ್ ತಿಂಗಳಲ್ಲಿ ಕೊಪ್ಪದಲ್ಲೋ ಬಾಳೆಹೊನ್ನೂರಿನಲ್ಲೋ ಇಬ್ಬರು ಬೆಳೆಗಾರರು ಎದುರಾದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟಾಯ್ತು?" ಅಂತ. "ಮೂರಿಂಚು ಇಪ್ಪತ್ತು ಸೆಂಟ್" ಅಂತ ಉತ್ತರ ಬರುತ್ತದೆ. ಒಂದು ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ದಶಕ ಆಯಿತು, ತೋಟದ ಮನೆಯ ಮಳೆ ಪುಸ್ತಕ ಮಾತ್ರ ಇಂಚು, ಸೆಂಟ್ ಬಿಟ್ಟಿಲ್ಲ. ಅಂಗಳದ ಮೂಲೆಯಲ್ಲಿ ಒಂದು ಮಳೆ ಮಾಪಕ, ಒಳಗೆ ಕ್ಯಾಲೆಂಡರಿನ ಪಕ್ಕ ಒಂದು ಪುಸ್ತಕ, ಈಗ ಅದರ ಜೊತೆಗೆ ವಾಟ್ಸಾಪ್ ಗ್ರೂಪು.

ಆ ಪುಸ್ತಕದಲ್ಲಿ ಇರುವುದು ಜಮೆ ಮಾತ್ರ. ಖರ್ಚಿನ ಕಾಲಂ ಇಲ್ಲ.

ಬಿದ್ದ ನೀರಿನಲ್ಲಿ ಹಳ್ಳಕ್ಕೆ ಹೋಗಿದ್ದೆಷ್ಟು, ನೆಲದೊಳಗೆ ಇಂಗಿದ್ದೆಷ್ಟು, ಮರಗಿಡಗಳು ಕುಡಿದು ಎಲೆಯ ಮೂಲಕ ಮತ್ತೆ ಆಕಾಶಕ್ಕೆ ಬಿಟ್ಟಿದ್ದೆಷ್ಟು? ಅದೇ ಮರಗಳು ಗಾಳಿಯಿಂದ ಎಳೆದುಕೊಂಡ ಇಂಗಾಲ ಎಷ್ಟು, ರಾತ್ರಿ ವಾಪಸು ಬಿಟ್ಟಿದ್ದೆಷ್ಟು? ಈ ಖರ್ಚಿನ ಲೆಕ್ಕ ಬರೆಯಲು ಜನ ಯಾವಾಗ ಶುರು ಮಾಡಿದರು, ನಮ್ಮ ಹತ್ತಿರ ಎಲ್ಲಿಯವರೆಗೆ ಬಂದಿದ್ದಾರೆ ಎನ್ನುವುದೇ ಈ ಬರಹದ ವಿಷಯ. ವಿಜ್ಞಾನಿಗಳ ವಿಷಯ ಅಂತ ಬಿಡುವ ಹಾಗಿಲ್ಲ. ನೀಲಗಿರಿ ಜಗಳ, ಅಕೇಶಿಯಾ ಜಗಳ, ಈಗ ಬಂದಿರುವ ಕಾರ್ಬನ್ ಕ್ರೆಡಿಟ್ ಮಾತು, ಎಲ್ಲವೂ ಈ ಖಾಲಿ ಕಾಲಂ ಹತ್ತಿರವೇ ಬಂದು ನಿಲ್ಲುತ್ತವೆ.

ಜಮೆಯ ಲೆಕ್ಕ ಮಾತ್ರ ನಮ್ಮಲ್ಲಿ ಹಳೆಯದು. ಯುಗಾದಿಯ ದಿನ ಪಂಚಾಂಗ ಓದುವಾಗ ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಇಷ್ಟು ಭಾಗ, ಪರ್ವತಕ್ಕೆ ಇಷ್ಟು, ಭೂಮಿಗೆ ಇಷ್ಟು ಅಂತ ಹೇಳುತ್ತಾರಲ್ಲ, ಅದು ಕೂಡ ಬೀಳುವ ನೀರಿನ ಹಂಚಿಕೆಯೇ. ಮೈಸೂರು ಸಂಸ್ಥಾನದಲ್ಲಿ 1892ರ ಹೊತ್ತಿಗೆ ಪ್ರತ್ಯೇಕ ಹವಾಮಾನ ಇಲಾಖೆ ಬಂತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅದರ ಮುಖ್ಯಸ್ಥರು. ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ವೀಕ್ಷಣಾಲಯಗಳಾದವು. ತಾಲ್ಲೂಕು ಕಚೇರಿಗಳ ಅಂಗಳದಲ್ಲಿ ಮಳೆ ಮಾಪಕ ನಿಂತು, ದಿನಾ ಬೆಳಿಗ್ಗೆ ಅಳೆದು ಬರೆಯುವುದು ಗುಮಾಸ್ತರ ಕೆಲಸವಾಯಿತು. ಇವತ್ತು ಅದೇ ಕೆಲಸವನ್ನು ಗ್ರಾಮ ಪಂಚಾಯಿತಿ ಮಟ್ಟದ ಯಂತ್ರಗಳು ಮಾಡುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ತಾವಾಗಿಯೇ ಲೆಕ್ಕ ಕಳಿಸುತ್ತವೆ. ಹಾಗಾಗಿಯೇ ಶೃಂಗೇರಿ ಕಡೆ 3500 ಮಿಲಿಮೀಟರ್ ದಾಟುವ ಮಳೆ ನರಸಿಂಹರಾಜಪುರ ಪೇಟೆಗೆ ಬರುವಷ್ಟರಲ್ಲಿ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ ಎಂದು ನಾವು ಧೈರ್ಯವಾಗಿ ಹೇಳಬಹುದು.

ವರ್ಷಗಟ್ಟಲೆ ಅಳೆದು ಬರೆದಿಡುವ ಅಭ್ಯಾಸಕ್ಕೆ ನಮ್ಮದೇ ತಾಲ್ಲೂಕಿನಲ್ಲಿ ಒಳ್ಳೆಯ ಉದಾಹರಣೆ ಇದೆ. 1915ರಲ್ಲಿ ಕಾಫಿಯ ಎಲೆ ರೋಗಗಳನ್ನು ನೋಡಲು ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ತೆರೆದರು. ಆಗ ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರು ಲೆಸ್ಲಿ ಕೋಲ್ಮನ್. ನಮ್ಮ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಹರಡಿದವರೂ ಅವರೇ. ಹತ್ತು ವರ್ಷದ ನಂತರ, 1925ರಲ್ಲಿ, ಬಾಳೆಹೊನ್ನೂರಿನಲ್ಲಿ ಕಾಯಂ ಕಾಫಿ ಪ್ರಯೋಗ ಕೇಂದ್ರವಾಯಿತು. ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ರೋಗ ಬಂದಾಗ ಓಡಿಬಂದು ನೋಡಿ ಹೋಗುವುದಕ್ಕೂ, ಅಲ್ಲೇ ಕೂತು ವರ್ಷಾನುವರ್ಷ ನೋಡುವುದಕ್ಕೂ ಇರುವ ವ್ಯತ್ಯಾಸ ಸಂಸ್ಥಾನದ ಸರ್ಕಾರಕ್ಕೆ ಹತ್ತು ವರ್ಷದಲ್ಲಿ ಅರ್ಥವಾಗಿತ್ತು.

ಇನ್ನು ಖರ್ಚಿನ ಕಡೆಗೆ ಬರೋಣ. ಮೇಲೆ ಹೋಗುವ ನೀರಿಗೆ ಸರ್ಕಾರಿ ಕಡತದಲ್ಲಿ ಮೊದಲು ಜಾಗ ಸಿಕ್ಕಿದ್ದು ಅಣೆಕಟ್ಟುಗಳ ಕಾರಣಕ್ಕೆ. ಭದ್ರಾ ಹಿನ್ನೀರಿನ ದಡದಲ್ಲಿರುವ ನಮಗೆ ಇದು ಬೇಗ ತಿಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ಅಷ್ಟು ಅಗಲದ ನೀರು ಸುಮ್ಮನೆ ಕೂತಿರುವುದಿಲ್ಲ. ಆವಿ ಅಳೆಯಲು ಹವಾಮಾನ ಕೇಂದ್ರಗಳಲ್ಲಿ ಸುಮಾರು ನಾಲ್ಕು ಅಡಿ ಅಗಲದ ಲೋಹದ ಬಾನಿ ಇಡುತ್ತಾರೆ. ಹಕ್ಕಿ, ನಾಯಿ ಕುಡಿಯದಂತೆ ಮೇಲೊಂದು ತಂತಿ ಬಲೆ. ದಿನಕ್ಕೆ ನೀರು ಎಷ್ಟು ಇಳಿಯಿತು ಎಂದು ನೋಡುವುದು, ಅಷ್ಟೆ. ಕೃಷ್ಣಾ ನದಿ ವಿವಾದದಲ್ಲಿ ಬಚಾವತ್ ನ್ಯಾಯಮಂಡಳಿ ಹಂಚಿಕೆ ಮಾಡುವಾಗ, ನಮ್ಮ ತುಂಗೆ, ಭದ್ರೆ ಎರಡೂ ಹೋಗಿ ಸೇರುವ ತುಂಗಭದ್ರಾ ಅಣೆಕಟ್ಟೆಯ 230 ಟಿಎಂಸಿ ಲೆಕ್ಕದಲ್ಲಿ 18 ಟಿಎಂಸಿಯನ್ನು ಆವಿಗೆಂದೇ ತೆಗೆದಿಟ್ಟಿತು. ಸೂರ್ಯನಿಗೂ ಒಂದು ಪಾಲು ಬರೆದಂತಾಯಿತು.

ಆದರೆ ಬಾನಿಯ ನೀರು ಬೇರೆ, ಕಾಡು ಬೇರೆ. ಮರ ನೀರನ್ನು ಬೇರಿನಿಂದ ಎತ್ತುತ್ತದೆ, ಬೇಕಾದಾಗ ಎಲೆಯ ರಂಧ್ರ ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಕುಂಡದಲ್ಲಿ ಬೆಳೆಸಿದ ಸೂರ್ಯಕಾಂತಿಯನ್ನು ದಿನಾ ತೂಗಿ ಅದು ಬಿಟ್ಟ ನೀರಿನ ಲೆಕ್ಕ ತೆಗೆದಿದ್ದರು, ಪುಸ್ತಕ ಬಂದದ್ದು 1727ರಲ್ಲಿ. ಕುಂಡವನ್ನು ತೂಗಬಹುದು. ಬೆಟ್ಟವನ್ನು ತೂಗುವುದು ಹೇಗೆ?

ಈ ಪ್ರಶ್ನೆ ಕರ್ನಾಟಕದಲ್ಲಿ ಬೀದಿಗೆ ಬಂದದ್ದು ನೀಲಗಿರಿಯಿಂದ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಬಯಲುಸೀಮೆಯ ಹೊಲಗಳಿಗೆಲ್ಲ ನೀಲಗಿರಿ ಬಂದ ಕಾಲ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವು ಊರಿದರು. ಬಾವಿ ಬತ್ತುತ್ತಿದೆ ಎಂಬುದು ರೈತರ ವಾದ. ಮರ ಅಂದಮೇಲೆ ನೀರು ಕುಡಿಯುತ್ತದೆ, ನೀಲಗಿರಿಯದ್ದೇನೂ ವಿಶೇಷವಿಲ್ಲ ಎಂಬುದು ಇನ್ನೊಂದು ಕಡೆಯ ವಾದ. ಎರಡೂ ಕಡೆ ಜೋರು ದನಿ ಇತ್ತು. ಅಳತೆ ಇರಲಿಲ್ಲ.

ಅಳತೆ ಬಂದದ್ದು ಆ ದಶಕದ ಕೊನೆಗೆ. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆ, ಮೈಸೂರು ಕಾಗದ ಕಾರ್ಖಾನೆಗಳ ಜೊತೆ ಸೇರಿ ಪ್ರಯೋಗ ತಾಣಗಳನ್ನು ಮಾಡಿದರು. ಒಂದು ತಾಣ ಶಿವಮೊಗ್ಗದ ಪಕ್ಕದ ಪುರದಾಳು. ನಮಗೆ ನೆರೆಮನೆಯೇ. ಇನ್ನೊಂದು ಹೊಸಕೋಟೆ. ಅವರು ಮಾಡಿದ ಉಪಾಯ ಕೇಳಲು ಚೆನ್ನಾಗಿದೆ. ಮರದ ಕಾಂಡಕ್ಕೆ ರಂಧ್ರ ಕೊರೆದು ಒಂದು ಅಳತೆಯಷ್ಟು 'ಭಾರಜಲ' ಚುಚ್ಚುತ್ತಿದ್ದರು. ಮಾಮೂಲಿ ನೀರಿಗಿಂತ ತುಸು ತೂಕದ ನೀರು, ಮರಕ್ಕೆ ಗೊತ್ತಾಗುವುದಿಲ್ಲ, ಯಂತ್ರಕ್ಕೆ ಗೊತ್ತಾಗುತ್ತದೆ. ಆಮೇಲೆ ಕೊಂಬೆಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಎಲೆ ಬೆವರಿದ ನೀರನ್ನು ದಿನಾ ಹಿಡಿದು, ಆ ಗುರುತಿನ ನೀರು ಎಷ್ಟು ಬೇಗ ತೆಳುವಾಗುತ್ತಾ ಹೋಯಿತು ಎಂದು ನೋಡುತ್ತಿದ್ದರು. ಬೇಗ ತೆಳುವಾದರೆ ಮರ ಜಾಸ್ತಿ ನೀರೆಳೆಯುತ್ತಿದೆ ಎಂದರ್ಥ. ಮಣ್ಣಿನ ತೇವ ಅಳೆಯಲು ನೆಲದೊಳಗೆ ಆಳಕ್ಕೆ ಕೊಳವೆ ಇಳಿಸಿದ್ದರು.

ಬಂದ ಉತ್ತರ ಎರಡು ಕಡೆಯವರಿಗೂ ಪೂರ್ತಿ ಹಿತವಾಗಿರಲಿಲ್ಲ. ಮಣ್ಣು ಮೂರು ಮೀಟರ್ ಆಸುಪಾಸು ಆಳವಿರುವ ಕಡೆ ನೀಲಗಿರಿ ಕುಡಿದದ್ದು ಅಲ್ಲಿನ ಒಣ ಎಲೆಯುದುರುವ ಕಾಡು ಕುಡಿದಷ್ಟೇ. ಆದರೆ ಎರಡೂ ಹೆಚ್ಚುಕಡಿಮೆ ಬಿದ್ದ ಮಳೆಯಷ್ಟನ್ನೇ ಕುಡಿದು ಮುಗಿಸುತ್ತಿದ್ದವು. ರಾಗಿ ಹೊಲಕ್ಕೆ ಹೋಲಿಸಿದರೆ ಸುಮಾರು ಎರಡು ಪಟ್ಟು. ಹೊಸಕೋಟೆಯಲ್ಲಿ ಮಣ್ಣು ಆಳವಿತ್ತು, ಅಲ್ಲಿ ಕಥೆಯೇ ಬೇರೆಯಾಯಿತು. ಮೂರು ವರ್ಷಗಳಲ್ಲಿ ಬಿದ್ದ ಮಳೆಗಿಂತ ನೀಲಗಿರಿ ಬಳಸಿದ ನೀರೇ ಹೆಚ್ಚು. ಬೇರು ವರ್ಷ ವರ್ಷ ಹೊಸ ಆಳಕ್ಕೆ ಇಳಿದು, ಹಿಂದಿನ ಕಾಲದಿಂದ ಮಣ್ಣಿನಲ್ಲಿ ಕೂಡಿದ್ದ ತೇವವನ್ನು ಎತ್ತುತ್ತಿತ್ತು. ಹೊಲದಲ್ಲಿ ರಾಗಿ ಕಿತ್ತು ನೀಲಗಿರಿ ಹಾಕಿದ ಊರಿನ ರೈತ ಹೇಳಿದ್ದು ಸುಳ್ಳಾಗಿರಲಿಲ್ಲ. ಹಾಗೆಂದು ಎಲ್ಲ ನೆಲದಲ್ಲೂ ನೀಲಗಿರಿ ಒಂದೇ ಥರ ಅಂತಲೂ ಅಲ್ಲ. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ, ಅಳತೆ ಬಂದು 25 ವರ್ಷದ ಮೇಲೆ. ನನಗೆ ಈ ಇಡೀ ಕಥೆಯಲ್ಲಿ ಬೇಸರ ತರಿಸುವ ಸಂಗತಿ ಅದೇ.

ಮಲೆನಾಡಿನ ಅಕೇಶಿಯಾ ವಿಷಯಕ್ಕೂ ಒಂದು ಅಳತೆ ಇದೆ. ಉತ್ತರ ಕನ್ನಡದಲ್ಲಿ ಜಗದೀಶ್ ಕೃಷ್ಣಸ್ವಾಮಿ, ಮೈಕ್ ಬೊನೆಲ್ ಮತ್ತು ತಂಡದವರು ಸಣ್ಣ ಸಣ್ಣ ಹಳ್ಳಗಳನ್ನು ಆರಿಸಿಕೊಂಡು ನೋಡಿದರು. ಕೆಲವು ಹಳ್ಳಗಳ ಮೇಲೆ ನೈಸರ್ಗಿಕ ಕಾಡು, ಕೆಲವದರ ಮೇಲೆ ಅಕೇಶಿಯಾ ನೆಡುತೋಪು, ಕೆಲವದರ ಮೇಲೆ ಸೊಪ್ಪು ಸೌದೆ ತೆಗೆದು ಬೋಳಾದ ಗುಡ್ಡ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬೋಳು ಗುಡ್ಡದಿಂದ ನೀರು ಹೆಚ್ಚು ಓಡಿಹೋಯಿತು, ಕಾಡಿನಿಂದ ಕಡಿಮೆ, ಅಕೇಶಿಯಾ ನಡುವೆ. ಕಾಡಿನ ಮಣ್ಣಿನಲ್ಲಿ ಇಂಗಿದ್ದು ಹೆಚ್ಚು. ಇಲ್ಲಿ ಒಂದು ತಕ್ಕಡಿ ಕೆಲಸ ಮಾಡುತ್ತಿದೆ. ಮರ ಒಂದು ಕಡೆ ನೀರು ಕುಡಿಯುತ್ತದೆ, ಇನ್ನೊಂದು ಕಡೆ ಬೇರು, ದರಗುಗಳಿಂದ ಮಣ್ಣನ್ನು ಸಡಿಲ ಮಾಡಿ ನೀರು ಇಂಗಿಸುತ್ತದೆ. ಯಾವ ತಟ್ಟೆ ಕೆಳಗೆ ಬರುತ್ತದೆ ಎನ್ನುವುದು ಮರದ ಜಾತಿ, ಮಣ್ಣು, ಮಳೆ ಮೂರನ್ನೂ ನೋಡಿಕೊಂಡು ತೀರ್ಮಾನವಾಗಬೇಕು. ಪ್ರತಿಭಟನೆಯ ಕರಪತ್ರದಲ್ಲೂ ಇಲಾಖೆಯ ಹೇಳಿಕೆಯಲ್ಲೂ ಇಷ್ಟುದ್ದದ ವಾಕ್ಯಕ್ಕೆ ಜಾಗ ಇರುವುದಿಲ್ಲ.

ಹಳ್ಳ ಅಳೆಯುವುದನ್ನು ಇನ್ನೂ ದೀರ್ಘವಾಗಿ ಮಾಡಿದ್ದು ಬಂಡೀಪುರದ ಮೂಲೆಹೊಳೆಯಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನವರೂ ಸೇರಿ 2003ರಿಂದ ನಾಲ್ಕು ಚದರ ಕಿಲೋಮೀಟರ್ ದಾಟಿದ ಒಂದು ಕಾಡಿನ ಹಳ್ಳದ ಲೆಕ್ಕ ಇಡುತ್ತಿದ್ದಾರೆ. ಅಲ್ಲಿ ಬಿದ್ದ ಮಳೆಯ ಮುಕ್ಕಾಲು ಪಾಲಿಗೂ ಮಿಕ್ಕಿ ಮತ್ತೆ ಆಕಾಶಕ್ಕೇ ಹೋಗುತ್ತದೆ. ಬೇಸಿಗೆಯಲ್ಲಿ ಮರಗಳ ಬೇರು ಕೊಳೆತ ಬಂಡೆಯ ಪದರದವರೆಗೆ ಇಳಿದು ತೇವ ಹುಡುಕುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸುತ್ತು ದಾರಿಯ ಲೆಕ್ಕ. ಮಳೆಯಲ್ಲಿ ಹಳ್ಳ ಕಳೆದರೆ ಉಳಿದದ್ದು ಮೇಲೆ ಹೋಗಿರಬೇಕು ಎಂಬ ಲೆಕ್ಕ. ಮೇಲೆ ಹೋಗುವುದನ್ನೇ ನೇರವಾಗಿ, ಕಾಡಿನ ನೆತ್ತಿಯ ಮೇಲೆ ನಿಂತು ಎಣಿಸುವ ವಿಧಾನಕ್ಕೆ ಎಡ್ಡಿ ಕೋವೇರಿಯನ್ಸ್ ಎನ್ನುತ್ತಾರೆ. ಹೆಸರು ಭಾರ, ತತ್ವ ಹಗುರ.

ಅಡಿಕೆ ಬೇಯಿಸುವ ಒಲೆಯ ಹೊಗೆ ನೋಡಿದ್ದೀರಲ್ಲ. ನೇರ ಹೋಗುವುದಿಲ್ಲ, ಸುಳಿ ಸುಳಿಯಾಗಿ ಹೋಗುತ್ತದೆ. ಕಾಡಿನ ಮೇಲಿನ ಗಾಳಿಯೂ ಹಾಗೆಯೇ. ಒಂದು ಸುಳಿ ಮೇಲೇಳುತ್ತದೆ, ಒಂದು ಕೆಳಗಿಳಿಯುತ್ತದೆ. ಹಗಲಿನಲ್ಲಿ ಎಲೆಗಳು ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಮೇಲೆ ಬರುವ ಸುಳಿಯಲ್ಲಿ ಅದು ಸ್ವಲ್ಪ ಕಡಿಮೆ, ನೀರಾವಿ ಸ್ವಲ್ಪ ಜಾಸ್ತಿ. ಕೆಳಗಿಳಿಯುವ ಸುಳಿಯಲ್ಲಿ ಇದರ ಉಲ್ಟಾ. ನಮ್ಮ ಕಡೆ ಓಡುತ್ತಿದ್ದ ಸಹಕಾರ ಸಾರಿಗೆ ಬಸ್ಸಿನ ಕಂಡಕ್ಟರನ್ನು ನೆನಪಿಸಿಕೊಳ್ಳಿ. ಯಾರು ಯಾರ ಮನೆಗೆ ಹೋಗುತ್ತಾರೆ ಎಂದು ಅವನಿಗೆ ಬೇಡ, ಬಾಗಿಲಲ್ಲಿ ಹತ್ತಿದವರೆಷ್ಟು, ಇಳಿದವರೆಷ್ಟು ಎಂದು ತಪ್ಪದೆ ಎಣಿಸಿದರೆ ಒಳಗೆ ಉಳಿದವರ ಲೆಕ್ಕ ಸಿಕ್ಕಿತು. ಗೋಪುರ ಮಾಡುವುದು ಅದೇ ಕೆಲಸ. ಮರಗಳಿಗಿಂತ ಎತ್ತರದ ಉಕ್ಕಿನ ಗೋಪುರದ ತುದಿಯಲ್ಲಿ ಎರಡು ಉಪಕರಣ. ಒಂದು, ಶಬ್ದದ ಅಲೆ ಕಳಿಸಿ ಗಾಳಿ ಯಾವ ದಿಕ್ಕಿಗೆ, ಎಷ್ಟು ವೇಗವಾಗಿ, ಮೇಲಕ್ಕೋ ಕೆಳಕ್ಕೋ ಎಂದು ನೋಡುತ್ತದೆ. ಇನ್ನೊಂದು, ಕಣ್ಣಿಗೆ ಕಾಣದ ಅತಿಗೆಂಪು ಬೆಳಕು ಹಾಯಿಸಿ ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಎಷ್ಟಿದೆ ಎಂದು ನೋಡುತ್ತದೆ. ಎರಡೂ ಸೆಕೆಂಡಿಗೆ 10 ಅಥವಾ 20 ಸಲ ಅಳೆಯುತ್ತವೆ. ಅರ್ಧ ಗಂಟೆಯ ಅಳತೆ ಒಟ್ಟು ಮಾಡಿದರೆ ಒಂದು ಅಂಕಿ. ಹಗಲೂ ರಾತ್ರಿ, ವರ್ಷವಿಡೀ.

ಈ ವಿಧಾನವನ್ನು ಆಸ್ಟ್ರೇಲಿಯಾದಲ್ಲಿ ಸ್ವಿನ್‌ಬ್ಯಾಂಕ್ ಎಂಬವರು 1951ರಲ್ಲಿ ಬರೆದು ತೋರಿಸಿದರು. ಆದರೆ ಸೆಕೆಂಡಿಗೆ ಹತ್ತು ಸಲ ಅಳೆಯುವ ಉಪಕರಣ, ಅದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಕೈಗೆಟುಕಲು ಹತ್ತಿರ ಹತ್ತಿರ ನಲವತ್ತು ವರ್ಷ ಬೇಕಾಯಿತು. ಈ ನಡುವೆ 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಇಂಗಾಲ ಅಳೆಯಲು ಶುರು ಮಾಡಿದ್ದರು. ಆಗ ಹತ್ತು ಲಕ್ಷದಲ್ಲಿ 315ರ ಹತ್ತಿರ ಇದ್ದದ್ದು ಈಗ 420 ದಾಟಿದೆ. ನಾವು ಸುಟ್ಟು ಬಿಟ್ಟದ್ದೆಲ್ಲ ಗಾಳಿಯಲ್ಲಿ ಉಳಿದಿಲ್ಲ, ಅರ್ಧದಷ್ಟನ್ನು ಸಮುದ್ರವೂ ನೆಲದ ಹಸಿರೂ ನುಂಗುತ್ತಿವೆ ಎಂದು ತಿಳಿದಾಗ, ಯಾವ ಕಾಡು ಎಷ್ಟು ನುಂಗುತ್ತಿದೆ ಎಂದು ನೋಡುವ ತುರ್ತು ಬಂತು. ಅಮೆರಿಕದ ಹಾರ್ವರ್ಡ್ ಕಾಡಿನ ಗೋಪುರ 1990ರ ದಶಕದ ಮೊದಲಿನಿಂದ ಎಣಿಸುತ್ತಿದೆ. 1997ರ ಹೊತ್ತಿಗೆ ಜಗತ್ತಿನ ಗೋಪುರಗಳೆಲ್ಲ ಫ್ಲಕ್ಸ್‌ನೆಟ್ ಎಂಬ ಜಾಲವಾಗಿ ಸೇರಿದವು.

ಭಾರತದಲ್ಲಿ ಗಾಳಿಯ ಸುಳಿಗಳನ್ನು ಗೋಪುರ ಕಟ್ಟಿ ಅಳೆಯುವ ದೊಡ್ಡ ಪ್ರಯತ್ನ 1990ರ ಮಾಂಟ್‌ಬ್ಲೆಕ್ಸ್. ಅದರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರಿನ ರೊದ್ದಂ ನರಸಿಂಹ. ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಆ ಗೋಪುರಗಳು ನಿಂತದ್ದು ಜೋಧಪುರದಿಂದ ಖರಗ್‌ಪುರದವರೆಗಿನ ಉತ್ತರದ ಬಯಲಿನಲ್ಲಿ, ಉದ್ದೇಶ ಮುಂಗಾರು ತಿಳಿಯುವುದು. ಕಾಡಿನ ಇಂಗಾಲಕ್ಕೆಂದೇ ಗೋಪುರಗಳು ಬಂದದ್ದು ಆಮೇಲೆ. ಇಸ್ರೋದವರದು ಮಧ್ಯಪ್ರದೇಶದ ಬೇತೂಲಿನ ತೇಗದ ಕಾಡು ಮುಂತಾದ ಕಡೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯದು ಅಸ್ಸಾಮಿನ ಕಾಜಿರಂಗದಲ್ಲಿ. ಕಾಜಿರಂಗದಲ್ಲಿ ಕಂಡದ್ದು ನಮ್ಮ ಬೆಳೆಗಾರರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಕಾಡು ಹೆಚ್ಚು ಇಂಗಾಲ ಹೀರುವುದು ಸುರಿಯುವ ಮಳೆಗಾಲದಲ್ಲಿ ಅಲ್ಲ, ಅದಕ್ಕೆ ಮುಂಚಿನ ಮಳೆ ಬಿಸಿಲು ಬೆರೆತ ತಿಂಗಳುಗಳಲ್ಲಿ. ಮೋಡ ಕವಿದರೆ ನೀರಿದ್ದೂ ಬೆಳಕಿಲ್ಲ. ಆಟಿಯ ಕತ್ತಲಿನಲ್ಲಿ ಗಿಡ ಏಳುವುದಿಲ್ಲ ಎಂದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು, ಅಂಕಿ ಇರಲಿಲ್ಲ.

ಕರ್ನಾಟಕಕ್ಕೆ ಬಂದರೆ, 2016ರಲ್ಲಿ ಇನ್‌ಕಂಪಾಸ್ ಎಂಬ ಭಾರತ–ಬ್ರಿಟನ್ ಯೋಜನೆ. ಆ ಮುಂಗಾರಿನಲ್ಲಿ ಬ್ರಿಟನ್ನಿನ ಸಂಶೋಧನಾ ವಿಮಾನ ಬೆಂಗಳೂರಿನಿಂದಲೂ ಹಾರಿತು. ನೆಲದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಒಂದು, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಒಂದು ಅಳತೆ ಕೇಂದ್ರ ನಿಂತವು. ಎರಡೂ ಘಟ್ಟದ ಮಳೆ ನೆರಳಿನ ಕಡೆಯವು, ಹೊಲಗಳ ನಡುವಿನವು.

ಘಟ್ಟದ ನೆತ್ತಿ ಯಾಕೆ ಬಿಟ್ಟುಹೋಗುತ್ತದೆ? ಅಸಡ್ಡೆ ಮಾತ್ರ ಕಾರಣವಲ್ಲ. ಈ ವಿಧಾನಕ್ಕೆ ಬೇಕಾದದ್ದು ಸಪಾಟು ನೆಲ, ಸುತ್ತ ಬಹುದೂರ ಒಂದೇ ಥರದ ಗಿಡ. ನಮ್ಮಲ್ಲಿ ಗೋಪುರದ ಒಂದು ಕಡೆ ಕಾನು, ಇನ್ನೊಂದು ಕಡೆ ಕಾಫಿ, ಕೆಳಗೆ ಅಡಿಕೆ, ಅದರಾಚೆ ಗದ್ದೆ, ಮೇಲೆ ಸೊಪ್ಪಿನ ಬೆಟ್ಟ. ಗಾಳಿಯ ದಿಕ್ಕು ತಿರುಗಿದರೆ ಅಳತೆ ಬೇರೆಯವರ ಜಮೀನಿನದಾಗುತ್ತದೆ. ರಾತ್ರಿ ಗಾಳಿ ನಿಂತಾಗ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕಣಿವೆಗೆ ಜಾರುತ್ತದೆ, ಮರ ಮಣ್ಣು ಬಿಟ್ಟ ಇಂಗಾಲವೂ ಅದರ ಜೊತೆ ಹಿಂಬಾಗಿಲಿನಿಂದ ಹೋಗಿಬಿಡುತ್ತದೆ. ಕಂಡಕ್ಟರ್ ಮುಂಬಾಗಿಲಲ್ಲಿ ಎಣಿಸುತ್ತಾ ನಿಂತಿರುತ್ತಾನೆ. ಇನ್ನು ಮಳೆ. ಉಪಕರಣದ ಗಾಜಿನ ಮೇಲೆ ಹನಿ ಕೂತರೆ ಅದು ಕುರುಡು. ಶೃಂಗೇರಿಯ ಜುಲೈನಲ್ಲಿ ಹನಿ ಕೂರದ ಗಳಿಗೆ ಯಾವುದು?

ಹಾಗಾದರೆ ಆಗುವುದೇ ಇಲ್ಲವೇ ಎಂದರೆ, ಹಾಗೂ ಅಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ಅಕಿಯಾರೆಸ್ ಎಂಬ ಕಾಫಿ ತೋಟವಿದೆ, ಜ್ವಾಲಾಮುಖಿ ಬೆಟ್ಟದ ಇಳಿಜಾರಿನಲ್ಲಿ. 2009ರಿಂದ ಫ್ರಾನ್ಸಿನ ಸಂಶೋಧಕರು ಅಲ್ಲಿ ಕಾಫಿಯ ಮೇಲೆ ಗೋಪುರ ನಿಲ್ಲಿಸಿ, ಕೆಳಗೆ ಹಳ್ಳಕ್ಕೂ ಅಳತೆ ಕಟ್ಟೆ ಕಟ್ಟಿ ಎರಡೂ ಲೆಕ್ಕ ಒಟ್ಟಿಗೆ ಇಟ್ಟಿದ್ದಾರೆ. ಅಲ್ಲಿನ ನೆರಳಿನ ಮರ ನಮ್ಮ ಹಾಲುವಾಣದ ಜಾತಿಯದ್ದೇ. ಮಳೆ ವರ್ಷಕ್ಕೆ 3000 ಮಿಲಿಮೀಟರ್ ಸುಮಾರು, ನಮ್ಮ ಕೊಪ್ಪದಂತೆ. ಹಳ್ಳದಲ್ಲಿ ಹರಿದ ನೀರಿನಲ್ಲಿ ಬಹುಪಾಲು ಮೊದಲು ನೆಲಕ್ಕೆ ಇಂಗಿ, ನಿಧಾನವಾಗಿ ಬಂದದ್ದು ಎಂದು ಅವರ ಲೆಕ್ಕ ಹೇಳಿತು. ಆದರೆ ಆ ಅಂಕಿಯನ್ನು ಎತ್ತಿ ತಂದು ಇಲ್ಲಿ ಹಾಕುವಂತಿಲ್ಲ. ಅಲ್ಲಿ ವರ್ಷಪೂರ್ತಿ ಮಳೆ, ಇಲ್ಲಿ ನಾಲ್ಕು ತಿಂಗಳಲ್ಲಿ ಮುಗಿಯುವ ಮಳೆ, ಆಮೇಲೆ ಹೂಮಳೆಗೆ ಆಕಾಶ ನೋಡುವುದು.

ನಮ್ಮ ಖರ್ಚು ಬೇರೆಯವರ ಜಮೆಯೂ ಆಗುತ್ತದೆ ಎಂಬ ಮಾತು 2018ರಲ್ಲಿ ಬಂತು. ಮುಂಬೈ ಐಐಟಿಯ ಸುಬಿಮಲ್ ಘೋಷ್ ಮತ್ತು ತಂಡದವರ ಅಧ್ಯಯನದ ಪ್ರಕಾರ ಪಶ್ಚಿಮಘಟ್ಟದ ಕಾಡುಗಳು ಬೆವರಿದ ನೀರು ತಮಿಳುನಾಡಿನ ಮುಂಗಾರಿಗೆ ಒದಗುತ್ತದೆ, ಮಳೆ ಕಡಿಮೆಯಾದ ವರ್ಷಗಳಲ್ಲಿ ಅದರ ಪಾಲು ನೂರಕ್ಕೆ 40ರವರೆಗೂ ಹೋಗುತ್ತದೆ. ಇದು ಕಂಪ್ಯೂಟರ್ ಮಾದರಿಯ ಲೆಕ್ಕ. ಕಾವೇರಿ ಜಗಳದಲ್ಲಿ ಎರಡೂ ರಾಜ್ಯದವರು ನದಿಯ ನೀರನ್ನೇ ಎಣಿಸುತ್ತಾ ಬಂದರು. ತಲೆಯ ಮೇಲೆ ಹೋಗುವ ಈ ನದಿಯ ಹೆಸರನ್ನು ಯಾವ ನ್ಯಾಯಮಂಡಳಿಯಲ್ಲೂ ಯಾರೂ ಎತ್ತಲಿಲ್ಲ, ಒಳ್ಳೆಯದೇ ಆಯಿತು ಅನ್ನಿ.

ಈಗ ಬೆಳೆಗಾರರ ಸಭೆಗಳಲ್ಲಿ ಕೇಳಿಬರುವ ಹೊಸ ಮಾತು ಕಾರ್ಬನ್ ಕ್ರೆಡಿಟ್. ಕೇಂದ್ರ ಸರ್ಕಾರ 2023ರಲ್ಲಿ ಇದರ ವಹಿವಾಟಿಗೆ ಯೋಜನೆ ಪ್ರಕಟಿಸಿದ ಮೇಲೆ ತೋಟದ ನೆರಳಿನ ಮರಕ್ಕೂ ದುಡ್ಡು ಬರುತ್ತದಂತೆ ಎಂಬ ಸುದ್ದಿ ಹಳ್ಳಿಗೂ ಬಂದಿದೆ. ಬರಲಿ. ಆದರೆ ಸಹಿ ಹಾಕುವ ಮೊದಲು, ನಿಮ್ಮ ತೋಟದ ಇಂಗಾಲವನ್ನು ಅವರು ಹೇಗೆ ಎಣಿಸುತ್ತಾರೆ ಎಂದು ಕೇಳಿ ನೋಡಿ. ಗೋಪುರ ಯಾರೂ ತರುವುದಿಲ್ಲ. ಸಾಮಾನ್ಯವಾಗಿ ಬರುವುದು ಒಂದು ಟೇಪು, ಒಂದು ಮೊಬೈಲು. ಮರದ ಎದೆಯೆತ್ತರದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿ ಮೇಲೆ, ಸುತ್ತಳತೆ ತೆಗೆದು ಸೂತ್ರಕ್ಕೆ ಹಾಕುತ್ತಾರೆ. ಇದೂ ಹಳೆಯ, ಗೌರವದ ವಿಧಾನವೇ. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು 1990ರ ಸುಮಾರಿನಿಂದ ಅದೇ ಮರಗಳಿಗೆ ಮತ್ತೆ ಮತ್ತೆ ಟೇಪು ಹಿಡಿಯುತ್ತಾ ಬಂದಿದ್ದಾರೆ. ಅವರದು ದಶಕಗಟ್ಟಲೆಯ ಕೆಲಸ. ನಿಮ್ಮಲ್ಲಿಗೆ ಬಂದವರು ಎಷ್ಟು ವರ್ಷ ಮತ್ತೆ ಬರುತ್ತಾರೆ, ಗಾಳಿಗೆ ಬಿದ್ದ ಸಿಲ್ವರ್ ಓಕನ್ನು ಯಾರ ಲೆಕ್ಕದಿಂದ ಕಳೆಯುತ್ತಾರೆ, ಮೆಣಸಿನ ಬಳ್ಳಿಗೆ ಬಿಸಿಲು ಬೇಕೆಂದು ನೀವು ಕೊಂಬೆ ಸವರಿದರೆ ಕರಾರು ಏನನ್ನುತ್ತದೆ, ಇದನ್ನೂ ಕೇಳಿ. ನಾಲ್ಕೂವರೆ ಅಡಿಯಿಂದ ಕೆಳಗಿನ ದರಗು, ಕಾಫಿ ಬುಡದ ಕರಿ ಮಣ್ಣು, ಅದು ಮೊದಲ ಮಳೆಗೆ ಒಮ್ಮೆಲೇ ಉಸಿರು ಬಿಡುವುದು, ಇವು ಆ ಟೇಪಿಗೆ ಸಿಗುವುದಿಲ್ಲ.